ಬ್ಯಾಕ್ ಕವರ್ ಪ್ರಿಂಟಿಂಗ್: 180 ಸರಿಯೋ, 200 ಸರಿಯೋ?

ಪ್ರಶ್ನೆ: ಗಂಗಾವತಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಫೋಟೊ ಹಾಕಿದ ಬ್ಯಾಕ್ ಕವರ್‌ಗಳನ್ನು ಜನ ಕೇಳುತ್ತಾರೆ ಅಂತ ಬಿಸಿ ಪ್ಲೇಟಿನಿಂದ ಒತ್ತಿ ಚಿತ್ರ ಇಳಿಸುವ 1800 ವ್ಯಾಟ್‌ನ ಫ್ಲಾಟ್ ಹೀಟ್ ಪ್ರೆಸ್ ಮತ್ತು ಸಬ್ಲಿಮೇಶನ್ ಇಂಕ್ ತುಂಬಿದ ಹೊಸ ಪ್ರಿಂಟರ್ ತಂದೆ. ಮಷಿನ್ ಮಾರಿದವರು 200 ಡಿಗ್ರಿ, 60 ಸೆಕೆಂಡ್ ಅಂದರು. ಒಂದು ವಿಡಿಯೊದಲ್ಲಿ 400 ಡಿಗ್ರಿ ಅಂತ ಹೇಳುತ್ತಾರೆ. ಹೊಸಪೇಟೆಯ ಗೆಳೆಯ 180ಕ್ಕೆ 90 ಸೆಕೆಂಡ್ ಇಡು ಅಂತಾನೆ. ಮೂರೂ ಮಾಡಿ ನೋಡಿದೆ. ಬೆಳಿಗ್ಗೆ ಮೊದಲ ಎರಡು ಪೀಸ್ ಮಂಕು. ಆಮೇಲಿನ ನಾಲ್ಕೈದು ಚೆನ್ನಾಗಿ ಬರುತ್ತವೆ. ಅದಾದ ಮೇಲೆ ಕಪ್ಪು ಬಣ್ಣ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಅಕ್ಷರಗಳು ಹರಡಿಕೊಳ್ಳುತ್ತವೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಎಲ್ಲವೂ ಮತ್ತೆ ಮಂಕು. ಕೆಲವು ಪೀಸ್‌ನಲ್ಲಿ ಚಿತ್ರ ಎರಡೆರಡಾಗಿ ಕಾಣುತ್ತದೆ. ಅಂಚಿಗೂ ಚಿತ್ರ ಬರುವ 3ಡಿ ಕವರ್ ಒಂದನ್ನು ಇದೇ ಪ್ರೆಸ್‌ನಲ್ಲಿ ಇಟ್ಟೆ, ಸೊಟ್ಟಗಾಗಿ ಫೋನಿಗೇ ಕೂರಲಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಬಿಸಿಯಾಗುತ್ತಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಆರ್ಡರ್ ಹಿಡಿಯಬೇಕು ಅಂದುಕೊಂಡಿದ್ದೇನೆ. ಸರಿಯಾದ ಸೆಟ್ಟಿಂಗ್ ಯಾವುದು ಸರ್? ಮಷಿನ್ ಬದಲಿಸಬೇಕಾ?

ಉತ್ತರ: ಮೊದಲು ಎಕ್ಸ್‌ಟೆನ್ಷನ್ ಬಾಕ್ಸ್ ತೆಗೆಯಿರಿ. ಬಣ್ಣದ ಮಾತು ಆಮೇಲೆ.

1800 ವ್ಯಾಟ್ ಮಷಿನ್ 230 ವೋಲ್ಟಿಗೆ ಸುಮಾರು 8 ಆಂಪಿಯರ್ ಎಳೆಯುತ್ತದೆ. ಮನೆ, ಅಂಗಡಿಗಳಲ್ಲಿರುವ ಸಣ್ಣ ಪ್ಲಗ್ 6 ಆಂಪಿಯರ್‌ನದು. ಎಕ್ಸ್‌ಟೆನ್ಷನ್ ಬಾಕ್ಸ್‌ನ ಒಳಗಿನ ವೈರು ಅದಕ್ಕಿಂತ ತೆಳ್ಳಗಿರುವುದೇ ಜಾಸ್ತಿ. ಬಾಕ್ಸ್ ಬಿಸಿಯಾಗುತ್ತಿದೆ ಅಂದರೆ ಅದರ ಒಳಗಿನ ಪ್ಲಾಸ್ಟಿಕ್ ಕರಗಲು ತಯಾರಾಗುತ್ತಿದೆ ಅಂತಲೇ ತಿಳಿಯಿರಿ. ವೈರ್‌ಮನ್ ಕರೆಸಿ, ಮೀಟರ್ ಬೋರ್ಡ್‌ನಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ, 16 ಆಂಪಿಯರ್‌ನ ಪವರ್ ಪ್ಲಗ್ ಹಾಕಿಸಿ. ಅರ್ಥಿಂಗ್ ಸರಿಯಾಗಿದೆಯಾ ಅಂತ ಅದೇ ಹೊತ್ತಿಗೆ ನೋಡಿಸಿ. ಇಷ್ಟು ಆಗುವ ತನಕ ಪ್ರೆಸ್ ಆನ್ ಮಾಡಬೇಡಿ. ಮೊಬೈಲ್ ಅಂಗಡಿ ಅಂದರೆ ಬ್ಯಾಟರಿಗಳು ರಾಶಿ ಬಿದ್ದಿರುವ ಜಾಗ. ಅಲ್ಲಿ ಕಿಡಿ ಬೀಳಬಾರದು.

ಈಗ ಸೆಟ್ಟಿಂಗ್ ಮಾತು. ಮೂರು ಜನ ಮೂರು ಥರ ಹೇಳಿದರು, ಯಾರನ್ನು ನಂಬಲಿ ಅನ್ನುವುದು ನಿಮ್ಮ ಚಿಂತೆ. ಆದರೆ ಅವರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. ವಿಡಿಯೊದವರ 400 ಅನ್ನುವುದು ಫ್ಯಾರನ್‌ಹೀಟ್. ಅದನ್ನು ಸೆಲ್ಸಿಯಸ್‌ಗೆ ತಿರುಗಿಸಿದರೆ 204 ಡಿಗ್ರಿ. ಮಾರಿದವರ 200 ಅದರ ಪಕ್ಕದಲ್ಲೇ ಇದೆ. ಗೆಳೆಯ 20 ಡಿಗ್ರಿ ಕಮ್ಮಿ ಮಾಡಿ, ಅದಕ್ಕೆ ತಕ್ಕಂತೆ 30 ಸೆಕೆಂಡ್ ಜಾಸ್ತಿ ಮಾಡಿದ್ದಾರೆ. ಮೂರರಲ್ಲೂ ಒಳ್ಳೆಯ ಪೀಸ್ ತೆಗೆಯಬಹುದು. ನಿಮಗೆ ಮೂರರಲ್ಲೂ ಕೆಟ್ಟಿದೆ ಅಂದರೆ ತೊಂದರೆ ಆ ನಂಬರ್‌ಗಳಲ್ಲಿ ಇಲ್ಲ. ಡಿಸ್‌ಪ್ಲೇ ತೋರಿಸುವ ಬಿಸಿ ಬೇರೆ, ಶೀಟಿಗೆ, ಅಂದರೆ ಕವರ್ ಬೆನ್ನಿಗೆ ಅಂಟಿಸುವ ತೆಳು ಅಲ್ಯೂಮಿನಿಯಂ ತಗಡಿಗೆ, ನಿಜವಾಗಿ ತಾಗುವ ಬಿಸಿ ಬೇರೆ ಆಗಿದೆ. ಅದೂ ಬೆಳಗಿನಿಂದ ಸಂಜೆಗೆ ಬದಲಾಗುತ್ತಿದೆ. ನೀವೇ ಬರೆದ ಲಕ್ಷಣಗಳು ಇದನ್ನು ಹೇಳುತ್ತಿವೆ. ಮಷಿನ್ ಬದಲಿಸುವ ಅಗತ್ಯ ನನಗಂತೂ ಕಾಣುತ್ತಿಲ್ಲ.

ಇನ್ನೊಂದು ಸಣ್ಣ ವಿಷಯ ನೋಡಿಬಿಡಿ. ಈ ಮಷಿನ್‌ಗಳ ಕಂಟ್ರೋಲರ್‌ನಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಇರುತ್ತವೆ. ಬಟನ್ ಒತ್ತುವಾಗ ಅದು ಅಕಸ್ಮಾತ್ ಬದಲಾಗುವುದುಂಟು. ಫ್ಯಾರನ್‌ಹೀಟ್‌ನಲ್ಲಿ 200 ಇಟ್ಟರೆ ಅದು ಬರೀ 93 ಡಿಗ್ರಿ ಸೆಲ್ಸಿಯಸ್. ಅಷ್ಟರಲ್ಲಿ ಬಣ್ಣ ಕದಲುವುದೂ ಇಲ್ಲ. ನಿಮಗೆ ನಡುವೆ ಒಳ್ಳೆಯ ಪೀಸ್‌ಗಳೂ ಬರುತ್ತಿರುವುದರಿಂದ ಈ ಕಾರಣ ಇರಲಾರದು, ಆದರೂ ಒಮ್ಮೆ ನೋಡಿ.

ಒಳಗೆ ಏನು ನಡೆಯುತ್ತದೆ

ಇದು ತಿಳಿದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ತೆರೆದಿಟ್ಟ ಕರ್ಪೂರ ನೀರಾಗದೆ ನೇರ ಗಾಳಿಯಲ್ಲಿ ಕರಗುತ್ತದಲ್ವಾ, ಸಬ್ಲಿಮೇಶನ್ ಇಂಕಿನ ಬಣ್ಣದ ಪುಡಿಯೂ ಹಾಗೇ. ಪೇಪರ್ ಮೇಲೆ ಪ್ರಿಂಟ್ ಆದ ಅದು ಪ್ರೆಸ್‌ನ ಬಿಸಿಗೆ ನೇರ ಆವಿಯಾಗುತ್ತದೆ. ಮೆಟಲ್ ಶೀಟಿನ ಮೇಲೆ ಪಾಲಿಯೆಸ್ಟರ್ ಜಾತಿಯ ಬಿಳಿ ಕೋಟಿಂಗ್ ಇರುತ್ತದೆ. ಅದೂ ಬಿಸಿಗೆ ಸಡಿಲವಾಗಿ ಆವಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತಣ್ಣಗಾದ ಮೇಲೆ ಬಣ್ಣ ಕೋಟಿಂಗ್ ಒಳಗೇ ಉಳಿಯುತ್ತದೆ. ಅದಕ್ಕೇ ಉಗುರಿನಿಂದ ಕೆರೆದರೂ ಹೋಗುವುದಿಲ್ಲ.

ಕೋಟಿಂಗ್ ಇಲ್ಲದ ಕವರ್ ಮೇಲೆ ಇದು ಆಗುವುದಿಲ್ಲ. ಮಾರ್ಕೆಟ್‌ನಲ್ಲಿ ಸಿಗುವ ಸಾದಾ ಪ್ಲಾಸ್ಟಿಕ್ ಕವರ್ ತಂದು ಪ್ರೆಸ್ ಮಾಡಿದರೆ ಬಣ್ಣವೂ ಹಾಳು, ಕವರೂ ಹಾಳು. ಕಪ್ಪು ಶೀಟಿನ ಮೇಲೂ ಆಗುವುದಿಲ್ಲ. ಈ ಇಂಕಿನಲ್ಲಿ ಬಿಳಿ ಬಣ್ಣವೇ ಇಲ್ಲ, ಚಿತ್ರದಲ್ಲಿ ಬಿಳಿ ಕಾಣುವ ಕಡೆ ಕೋಟಿಂಗ್‌ನ ಬಿಳಿಯೇ ಕಾಣುತ್ತಿರುತ್ತದೆ.

ಬಿಸಿ ಜಾಸ್ತಿ ಮಾಡಿದಷ್ಟೂ ಬಣ್ಣ ಗಾಢವಾಗುತ್ತದೆ ಅನ್ನುವ ನಂಬಿಕೆ ಬಹಳ ಜನರಿಗಿದೆ. ಒಂದು ಹಂತದವರೆಗೆ ಮಾತ್ರ ಅದು ನಿಜ. ಆ ಹಂತ ದಾಟಿದ ಮೇಲೆ ಬಣ್ಣ ಕೋಟಿಂಗ್ ಒಳಗೆ ಅಕ್ಕಪಕ್ಕಕ್ಕೆ ಹರಿಯುತ್ತದೆ, ಸ್ವಲ್ಪ ಹೊರಗೂ ಹಾರಿಹೋಗುತ್ತದೆ. ಅಂಚು ಮಸುಕಾಗುತ್ತದೆ. ಬಿಳಿ ಹಳದಿಗೆ ತಿರುಗುತ್ತದೆ. ಈ ಕೆಡುಕು ಮೊದಲು ಕಾಣಿಸುವುದು ಕಪ್ಪಿನಲ್ಲಿ. ಈ ಇಂಕಿನ ಕಪ್ಪು ಒಂದೇ ಬಣ್ಣವಲ್ಲ, ಹಲವು ಬಣ್ಣ ಕೂಡಿಸಿ ಮಾಡಿದ್ದು. ಅವುಗಳಲ್ಲಿ ಕೆಲವು ಕಮ್ಮಿ ಬಿಸಿಗೇ ಏಳುತ್ತವೆ, ಕೆಲವಕ್ಕೆ ಜಾಸ್ತಿ ಬೇಕು. ಬಿಸಿ ಸಾಲದಿದ್ದರೂ ಜಾಸ್ತಿಯಾದರೂ ಆ ಲೆಕ್ಕ ತಪ್ಪಿ ಕಪ್ಪು ಬೇರೆ ಬಣ್ಣಕ್ಕೆ ವಾಲುತ್ತದೆ. ಆದ್ದರಿಂದ ಕಪ್ಪು ಕಾಫಿಯಾಯಿತು ಅಂದ ಕೂಡಲೇ ಬಿಸಿ ಜಾಸ್ತಿ ಅಂತ ತೀರ್ಮಾನ ಮಾಡಬೇಡಿ. ಅಕ್ಷರ ನೋಡಿ. ಅಕ್ಷರ ಹರಡಿದ್ದರೆ ಜಾಸ್ತಿಯಾಗಿದೆ. ಅಕ್ಷರ ಚೂಪಾಗಿದ್ದು ಇಡೀ ಚಿತ್ರ ತೆಳ್ಳಗಿದ್ದರೆ ಸಾಲದು. ಬಳಸಿದ ಪೇಪರ್ ಅನ್ನೂ ಎಸೆಯುವ ಮೊದಲು ನೋಡಿ. ಸ್ವಲ್ಪ ಬಣ್ಣ ಅದರಲ್ಲಿ ಯಾವಾಗಲೂ ಉಳಿಯುತ್ತದೆ. ಆದರೆ ಚಿತ್ರ ಇನ್ನೂ ದಟ್ಟವಾಗಿ ಕಾಣುತ್ತಿದ್ದರೆ ಬಣ್ಣ ಪೂರ್ತಿ ಇಳಿದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಮಾತು. ಪ್ರಿಂಟ್ ಆಗಿ ಬಂದ ಪೇಪರ್ ಮೇಲೆ ಬಣ್ಣ ಮಂಕಾಗಿಯೇ ಇರುತ್ತದೆ. ಅದು ಸಹಜ, ಪ್ರೆಸ್ ಆದ ಮೇಲೆಯೇ ಬಣ್ಣ ಅರಳುವುದು. ಪೇಪರ್ ನೋಡಿ ಹೆದರಿ ಪ್ರಿಂಟರ್‌ನಲ್ಲಿ ಇಂಕ್ ಜಾಸ್ತಿ ಮಾಡಬೇಡಿ.

ಬೆಳಿಗ್ಗೆ ಮಂಕು, ಆಮೇಲೆ ಕಾಫಿ, ಸಂಜೆ ಮತ್ತೆ ಮಂಕು: ಯಾಕೆ?

ಬೆಳಿಗ್ಗೆ ಡಿಸ್‌ಪ್ಲೇ 200 ತೋರಿಸಿದಾಗ ಮೇಲಿನ ಪ್ಲೇಟಿನ ಒಳಗೆ ಸೆನ್ಸರ್ ಇರುವ ಜಾಗ ಮಾತ್ರ ಅಷ್ಟು ಬಿಸಿಯಾಗಿರುತ್ತದೆ. ಪ್ಲೇಟಿನ ಅಂಚುಗಳು ಇನ್ನೂ ಹಿಂದಿರುತ್ತವೆ. ಕೆಳಗಿನ ಸಿಲಿಕಾನ್ ಮ್ಯಾಟ್ ಪೂರ್ತಿ ತಣ್ಣಗಿರುತ್ತದೆ. ನೀವು ಇಟ್ಟ ತೆಳು ಶೀಟಿನ ಬಿಸಿಯನ್ನು ಆ ಮ್ಯಾಟ್ ಹೀರಿಕೊಳ್ಳುತ್ತದೆ. ಮೊದಲ ಎರಡು ಪೀಸ್ ಮಂಕಾಗುವುದು ಅದಕ್ಕೇ. ಜಾತ್ರೆ ಬರುವ ಜನವರಿಯಲ್ಲಿ ನಮ್ಮ ಕಡೆ ಬೆಳಗಿನ ಚಳಿ ಇರುತ್ತದೆ, ಆಗ ಇದು ಇನ್ನೂ ಎದ್ದು ಕಾಣುತ್ತದೆ. ಅಂಗಡಿ ತೆರೆದ ಕೂಡಲೇ ಆನ್ ಮಾಡಿ. ಡಿಸ್‌ಪ್ಲೇ ಮುಟ್ಟಿದ ಮೇಲೆ ಇನ್ನೂ ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಟೆಫ್ಲಾನ್ ಶೀಟ್ (ಬಿಸಿಗೆ ಅಂಟಿಕೊಳ್ಳದ ಹಾಳೆ) ಇಟ್ಟು ಖಾಲಿ ಪ್ರೆಸ್ ಅನ್ನು ಒಂದೆರಡು ನಿಮಿಷ ಮುಚ್ಚಿ ತೆಗೆಯಿರಿ. ಮ್ಯಾಟ್ ಹದಕ್ಕೆ ಬರುತ್ತದೆ.

ಸಾಲಾಗಿ ಪೀಸ್ ತೆಗೆಯುತ್ತಾ ಹೋದಂತೆ ಅದೇ ಮ್ಯಾಟ್ ಕಾದು ಕೆಳಗಿನಿಂದಲೂ ಬಿಸಿ ಕೊಡತೊಡಗುತ್ತದೆ. ಈಗ ನಿಮ್ಮ 60 ಸೆಕೆಂಡ್ ಮೊದಲಿನ 60 ಸೆಕೆಂಡ್ ಅಲ್ಲ. ಮುಂದಿನ ಪೀಸಿಗೆ ಪೇಪರ್ ಸರಿಯದಂತೆ ಟೇಪ್ ಹಚ್ಚುವಾಗ ಪ್ರೆಸ್ ಮುಚ್ಚಿಟ್ಟರೆ ಇನ್ನೂ ಕಷ್ಟ. ಪೀಸ್‌ಗಳ ನಡುವೆ ಪ್ರೆಸ್ ತೆರೆದಿರಲಿ, ನಡುವಿನ ಹೊತ್ತು ಒಂದೇ ಸಮ ಇರಲಿ. ಐದಾರು ಪೀಸ್ ಮೊದಲೇ ಟೇಪ್ ಹಚ್ಚಿ ಇಟ್ಟುಕೊಂಡರೆ ಕೈಗೆ ಒಂದು ಲಯ ಸಿಗುತ್ತದೆ.

ಸಂಜೆಯದು ಕರೆಂಟಿನ ಲೆಕ್ಕ. ವೋಲ್ಟೇಜ್ ಸ್ವಲ್ಪ ಇಳಿದರೂ ಹೀಟರ್ ಶಕ್ತಿ ಬಹಳ ಇಳಿಯುತ್ತದೆ. 230 ವೋಲ್ಟಿಗೆ 1800 ವ್ಯಾಟ್ ಕೊಡುವ ಹೀಟರ್ 190 ವೋಲ್ಟಿಗೆ ಸುಮಾರು 1230 ವ್ಯಾಟ್ ಮಾತ್ರ ಕೊಡುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು. ಹಾಗಂತ ಪ್ಲೇಟ್ 200 ಮುಟ್ಟುವುದೇ ಇಲ್ಲ ಅಂತಲ್ಲ, ತಡವಾಗಿ ಮುಟ್ಟುತ್ತದೆ. ಒಂದು ಪೀಸ್ ತೆಗೆದಾಗ ಡಿಸ್‌ಪ್ಲೇ ಇಳಿಯುತ್ತದಲ್ವಾ, ಅದು ಮತ್ತೆ ಏರುವ ಮೊದಲೇ ನೀವು ಮುಂದಿನದು ಇಡುತ್ತಿದ್ದೀರಿ. ಸಂಜೆ ಹೊತ್ತು ಪ್ರತಿ ಪೀಸಿಗೂ ಡಿಸ್‌ಪ್ಲೇ ನೋಡಿ, ಸೆಟ್ ಮಾಡಿದ ನಂಬರ್ ಮುಟ್ಟಿ ಸ್ವಲ್ಪ ಹೊತ್ತು ನಿಂತ ಮೇಲೆಯೇ ಮುಚ್ಚಿ. ತಲೆ ಮೇಲಿನ ಫ್ಯಾನ್ ತೆರೆದ ಪ್ಲೇಟಿಗೆ ನೇರ ಬೀಸುತ್ತಿದ್ದರೆ ಮಷಿನ್ ಜಾಗ ಬದಲಿಸಿ. ಆದರೆ ಗಾಳಿ ಪೂರ್ತಿ ಬಂದ್ ಮಾಡಬೇಡಿ. ಪ್ರೆಸ್ ತೆರೆದಾಗ ಬರುವ ಹೊಗೆ, ವಾಸನೆ ಕಿಟಕಿ ಕಡೆಯಿಂದ ಹೊರಗೆ ಹೋಗಬೇಕು.

ಸ್ಟೆಬಿಲೈಜರ್ ತರಲಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಟಿವಿ, ಫ್ರಿಜ್‌ನ ಸ್ಟೆಬಿಲೈಜರ್ ಇದಕ್ಕೆ ನಡೆಯುವುದಿಲ್ಲ, ಸುಟ್ಟುಹೋಗುತ್ತದೆ. ತಂದರೆ ಕನಿಷ್ಠ 3 ಕೆವಿಎ ಇರಬೇಕು. ದಿನಕ್ಕೆ ಹತ್ತಿಪ್ಪತ್ತು ಕವರ್ ಮಾಡುವ ಅಂಗಡಿಗೆ ಆ ಖರ್ಚು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅರ್ಧ ನಿಮಿಷ ಜಾಸ್ತಿ ಕಾದರೆ ಪುಕ್ಕಟೆಯಾಗಿ ಅದೇ ಕೆಲಸ ಆಗುತ್ತದೆ.

ನಿಜವಾದ ಬಿಸಿ ಅಳೆಯುವುದು

ನೀವು ರಿಪೇರಿ ಮಾಡುವವರಾದ್ದರಿಂದ ಟೆಂಪರೇಚರ್ ಅಳೆಯುವ ಮಲ್ಟಿಮೀಟರ್ ನಿಮ್ಮ ಟೇಬಲ್ ಮೇಲೇ ಇರಬಹುದು. ಅದರ ಜೊತೆ ಬರುವ ಬಿಸಿ ಅಳೆಯುವ ವೈರ್, ಅಂದರೆ ಕೆ-ಟೈಪ್ ಥರ್ಮೋಕಪಲ್ ಸಾಕು. ಅರ್ಥಿಂಗ್ ಸರಿಯಾದ ಮೇಲೆಯೇ ಇದನ್ನು ಮಾಡಿ. ಎರಡು ಟೆಫ್ಲಾನ್ ಶೀಟ್ ನಡುವೆ ವೈರಿನ ತುದಿ ಇಟ್ಟು ಪ್ರೆಸ್ ಮುಚ್ಚಿ, ನಂಬರ್ ನಿಲ್ಲುವ ತನಕ ಕಾಯಿರಿ. ಮಧ್ಯದಲ್ಲಿ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ನೋಡಿ ಬರೆದುಕೊಳ್ಳಿ.

ಡಿಸ್‌ಪ್ಲೇಗೂ ಇದಕ್ಕೂ 10-15 ಡಿಗ್ರಿ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ. ಸಣ್ಣ ಮಷಿನ್‌ಗಳಲ್ಲಿ ಇದು ಮಾಮೂಲಿ. ಮೂಲೆಗಳು ಮಧ್ಯಕ್ಕಿಂತ ತಣ್ಣಗಿರುವುದೂ ಮಾಮೂಲಿ. ಶೀಟನ್ನು ಯಾವಾಗಲೂ ಒಂದೇ ಜಾಗದಲ್ಲಿ ಇಡಿ, ಅದಕ್ಕೆ ಮಾರ್ಕ್ ಹಾಕಿಕೊಳ್ಳಿ. ನಾಲ್ಕು ಕವರ್ ಒಟ್ಟಿಗೆ ಇಟ್ಟು ಟೈಮ್ ಉಳಿಸುವ ಆಸೆ ಇದ್ದರೆ, ಮೂಲೆಗಳ ನಂಬರ್ ನೋಡಿದ ಮೇಲೆ ತೀರ್ಮಾನ ಮಾಡಿ.

ದೂರದಿಂದ ಹಿಡಿಯುವ ಗನ್ ಥರ್ಮಾಮೀಟರ್ ನಂಬಬೇಡಿ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಬಹಳ ಕಮ್ಮಿ ತೋರಿಸುತ್ತದೆ. ಅದನ್ನು ನಂಬಿ ಬಿಸಿ ಏರಿಸಿ ಶೀಟುಗಳನ್ನು ಸುಟ್ಟುಕೊಂಡವರು ಬಹಳ ಜನ ಸಿಗುತ್ತಾರೆ.

ಆಮೇಲೆ ಒತ್ತಡ. ಪ್ರೆಸ್ ತಣ್ಣಗಿರುವಾಗ ನಾಲ್ಕು ಮೂಲೆಗೂ ಒಂದೊಂದು ಪೇಪರ್ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ನಾಲ್ಕೂ ಒಂದೇ ಬಿಗಿಯಲ್ಲಿ, ಸ್ವಲ್ಪ ತಡೆದು ಬರಬೇಕು. ಒಂದು ಮೂಲೆಯದು ಸಲೀಸಾಗಿ ಬಂದರೆ ಅಲ್ಲಿ ಪ್ಲೇಟ್ ಕೂರುತ್ತಿಲ್ಲ. ಜೋರಾಗಿ ಒತ್ತಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಪೇಪರ್ ಶೀಟಿಗೆ ಸಮವಾಗಿ ತಾಗಿದರೆ ಸಾಕು, ಉಳಿದದ್ದನ್ನು ಆವಿಯೇ ನೋಡಿಕೊಳ್ಳುತ್ತದೆ. ಅತಿಯಾಗಿ ಒತ್ತಿದರೆ ತೆಳು ಶೀಟ್ ಬಾಗುತ್ತದೆ, ಪೇಪರ್ ಕೋಟಿಂಗ್‌ಗೆ ಅಂಟಿಕೊಳ್ಳುತ್ತದೆ.

ನಿಮ್ಮ ನಂಬರ್ ನೀವೇ ಕಂಡುಕೊಳ್ಳುವುದು

ಅಲ್ಯೂಮಿನಿಯಂ ಶೀಟಿಗೆ ನಾನು ಹೇಳುವ ಶುರುವಿನ ಸೆಟ್ಟಿಂಗ್: ಅಳೆದು ನೋಡಿದ 190 ಡಿಗ್ರಿ, 60 ಸೆಕೆಂಡ್, ಹಗುರಕ್ಕಿಂತ ತುಸು ಜಾಸ್ತಿ ಒತ್ತಡ. ಒಳ್ಳೆಯ ಫಲಿತಾಂಶ ಸಾಮಾನ್ಯವಾಗಿ 185ರಿಂದ 200 ಡಿಗ್ರಿ, 45ರಿಂದ 80 ಸೆಕೆಂಡ್ ಒಳಗೇ ಸಿಗುತ್ತದೆ. ಆ ಒಳಗೆ ನಿಮ್ಮದು ಎಲ್ಲಿ ಅನ್ನುವುದನ್ನು ನಾನು ಇಲ್ಲಿ ಕೂತು ಹೇಳಲು ಬರುವುದಿಲ್ಲ. ನಿಮ್ಮ ಇಂಕ್, ಪೇಪರ್, ಶೀಟಿನ ಕೋಟಿಂಗ್ ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ.

ಯಾರೂ ಕೇಳದ ಹಳೇ ಮಾಡೆಲ್ ಫೋನುಗಳ ಶೀಟ್‌ಗಳನ್ನು ಹೋಲ್‌ಸೇಲ್‌ನವರ ಹತ್ತಿರ ಅಗ್ಗಕ್ಕೆ ಕೇಳಿ ತನ್ನಿ. ನೀವು ಮಾರುವ ಶೀಟ್ ಯಾವ ಕಂಪನಿಯದೋ ಅದೇ ಕಂಪನಿಯದಾಗಿರಲಿ. ಒಂದು ಪರೀಕ್ಷೆಯ ಚಿತ್ರ ಮಾಡಿ. ಅದರಲ್ಲಿ ಗಟ್ಟಿ ಕಪ್ಪಿನ ಒಂದು ಚೌಕ, ಬೂದು ಬಣ್ಣದ ನಾಲ್ಕೈದು ಹಂತ, ಒಂದು ಮುಖ, ಕಾವಿ ಬಣ್ಣದ ಒಂದು ಪಟ್ಟಿ ಇರಲಿ. ಜಾತ್ರೆಗೆ ಬರುವ ಗಿರಾಕಿ ಮೊದಲು ನೋಡುವುದು ಮುಖ ಮತ್ತು ಕಾವಿಯನ್ನೇ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಕನ್ನಡ ಹಾಕಿ, ಒತ್ತಕ್ಷರ ಜಾಸ್ತಿ ಇರುವ ಪದಗಳನ್ನೇ ಆರಿಸಿ. ‘ಶ್ರೀ ಗವಿಸಿದ್ಧೇಶ್ವರ’ ಅಂತಲೇ ಬರೆಯಿರಿ. ಬಿಸಿ ಒಂಚೂರು ಜಾಸ್ತಿಯಾದರೂ ‘ದ್ಧೇ’, ‘ಶ್ವ’ಗಳ ಒಳಗಿನ ಸಣ್ಣ ಬಿಳಿ ಜಾಗ ಮೊದಲು ತುಂಬಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರ ಇನ್ನೂ ಚೆನ್ನಾಗಿ ಕಾಣುವಾಗಲೇ ಕನ್ನಡದ ಒತ್ತು ಕೆಟ್ಟಿರುತ್ತದೆ.

ಬಿಸಿ 190ಕ್ಕೆ ಇಟ್ಟು, ಒತ್ತಡ ಮುಟ್ಟದೆ, ಟೈಮ್ ಮಾತ್ರ ಬದಲಿಸಿ: 40, 50, 60, 70, 80 ಸೆಕೆಂಡ್. ಪ್ರತಿ ಶೀಟಿನ ಹಿಂದೆ ಮಾರ್ಕರ್‌ನಿಂದ ಬರೆಯಿರಿ. ಎಲ್ಲವನ್ನೂ ಹಗಲಿನ ಬೆಳಕಿನಲ್ಲಿ ಸಾಲಾಗಿ ಇಟ್ಟು ನೋಡಿ. ಕಪ್ಪು ತುಂಬಿ ಬಂದ, ಒತ್ತಕ್ಷರ ತೆರೆದೇ ಇರುವ ಶೀಟುಗಳಲ್ಲಿ ಎಲ್ಲಕ್ಕಿಂತ ಕಮ್ಮಿ ಟೈಮಿನದು ಯಾವುದೋ ಅದು ನಿಮ್ಮದು. 80 ಸೆಕೆಂಡ್‌ಗೂ ಕಪ್ಪು ತುಂಬದಿದ್ದರೆ 5 ಡಿಗ್ರಿ ಏರಿಸಿ ಇದೇ ಸಾಲನ್ನು ಮತ್ತೆ ಮಾಡಿ. 40ಕ್ಕೇ ಅಕ್ಷರ ಹರಡಿದರೆ 5 ಡಿಗ್ರಿ ಇಳಿಸಿ. ಒಂದೇ ಸಲಕ್ಕೆ ಬಿಸಿ, ಟೈಮ್ ಎರಡನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಬಹಳ ಜನ ಶೀಟು ಕಳೆದುಕೊಳ್ಳುವುದು ಇಲ್ಲೇ. ಹೊಸ ಲಾಟ್ ಶೀಟ್ ಬಂದಾಗ, ಇಂಕ್ ಬದಲಿಸಿದಾಗ ಒಂದೆರಡು ಶೀಟ್ ಮತ್ತೆ ಹೀಗೆ ನೋಡಿಕೊಳ್ಳಿ. ಕೋಟಿಂಗ್ ಲಾಟ್‌ನಿಂದ ಲಾಟ್‌ಗೆ ಬೇರೆಯಾಗುತ್ತದೆ.

ಎಷ್ಟೇ ಮಾಡಿದರೂ ಕಪ್ಪು ಹಸಿರಿಗೆ ವಾಲಿ, ಚರ್ಮದ ಬಣ್ಣ ವಿಚಿತ್ರವಾಗಿ ಬರುತ್ತಿದ್ದರೆ ಪ್ರೆಸ್ ಬಿಡಿ, ಪ್ರಿಂಟರ್ ನೋಡಿ. ಇಂಕ್ ಮಾರಿದವರಿಂದ ಆ ಇಂಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ಐಸಿಸಿ ಪ್ರೊಫೈಲ್ ಫೈಲ್ ಕೇಳಿ ಪಡೆದು ಹಾಕಿ. ಅಡ್ಡ ಗೆರೆಗಳು ಬಂದರೆ ನಾಝಲ್ (ಇಂಕ್ ಹೊರಬರುವ ತೂತು) ಕಟ್ಟಿದೆ. ನಮ್ಮ ಕಡೆಯ ಬೇಸಿಗೆಯ ಒಣ ಗಾಳಿಗೆ ಇಂಕ್ ಬೇಗ ಒಣಗುತ್ತದೆ, ಪ್ರಿಂಟರ್ ನಾಲ್ಕು ದಿನ ಸುಮ್ನೆ ಇರಬಾರದು.

ಇಡುವ ಕ್ರಮ, ಎರಡೆರಡು ಚಿತ್ರದ ಕಾರಣ

ಶೀಟಿನ ಬಿಳಿ ಮುಖದ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಕಿತ್ತು ತೆಗೆಯಿರಿ. ತೆಗೆಯದೆ ಪ್ರೆಸ್ ಮಾಡಿದರೆ ಅದು ಸುಕ್ಕುಗಟ್ಟಿ ಅಲ್ಲೇ ಕರಗುತ್ತದೆ. ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಬಳ್ಳಾರಿ, ತೋರಣಗಲ್ಲು, ಸಂಡೂರು ಕಡೆಯ ಅಂಗಡಿಗಳಲ್ಲಿ ಅದಿರಿನ ಕೆಂಪು ಧೂಳು ಹೇಗೆ ಕೂರುತ್ತದೆ ಅಂತ ನಿಮಗೆ ಗೊತ್ತು. ಒಂದು ಕಣ ಇದ್ದರೂ ಅಲ್ಲಿ ಚುಕ್ಕಿ ಬೀಳುತ್ತದೆ. ಮುಖದ ಮೇಲೆ ಬಿದ್ದರೆ ಆ ಪೀಸ್ ಹೋಯಿತು.

ಪ್ರಿಂಟ್ ಉಲ್ಟಾ, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಇರಬೇಕು. ಚಿತ್ರ ಶೀಟಿಗಿಂತ ಸುತ್ತಲೂ 2-3 ಮಿಲಿಮೀಟರ್ ದೊಡ್ಡದಿರಲಿ. ಪ್ರಿಂಟ್ ಆದ ಪೇಪರ್ ಐದ್ಹತ್ತು ನಿಮಿಷ ಆರಲಿ. ಮಳೆಗಾಲದಲ್ಲಿ ಪೇಪರ್ ತೇವ ಹೀರುತ್ತದೆ. ಪ್ರೆಸ್‌ನಲ್ಲಿ ಆ ತೇವ ಆವಿಯಾಗಿ ಬಣ್ಣವನ್ನು ಕಲೆ ಕಲೆ ಮಾಡುತ್ತದೆ. ಪ್ಯಾಕೆಟ್ ಯಾವಾಗಲೂ ಮುಚ್ಚಿಡಿ.

ಮ್ಯಾಟ್ ಮೇಲೆ ಒಂದು ಸಾದಾ ಬಿಳಿ ಪೇಪರ್. ಅದರ ಮೇಲೆ ಶೀಟ್, ಬಿಳಿ ಮುಖ ಮೇಲೆ. ಅದರ ಮೇಲೆ ಪ್ರಿಂಟ್ ಮುಖ ಕೆಳಗೆ. ಮೇಲೊಂದು ಸಾದಾ ಪೇಪರ್, ಆಮೇಲೆ ಟೆಫ್ಲಾನ್. ಸಾದಾ ಪೇಪರ್ ಪ್ರತಿ ಪೀಸಿಗೂ ಹೊಸದು ಬೇಕು. ಕ್ಯಾಮೆರಾ ತೂತಿನಿಂದ, ಅಂಚಿನಿಂದ ಹೊರಬರುವ ಬಣ್ಣ ಅದರ ಮೇಲೆ ಕೂರುತ್ತದೆ, ಹಳೆಯದನ್ನೇ ಬಳಸಿದರೆ ಮುಂದಿನ ಪೀಸಿಗೆ ಅಂಟುತ್ತದೆ.

ಎರಡೆರಡು ಚಿತ್ರ ಬರುವುದು ಬಿಸಿಯಿಂದಲ್ಲ, ಪೇಪರ್ ಸರಿದು ಬರುವುದು. ಪ್ರೆಸ್ ಝಟ್ಟನೆ ತೆರೆದಾಗ ಪೇಪರ್ ಮೇಲೆದ್ದು ಮತ್ತೆ ಬೀಳುತ್ತದೆ. ಶೀಟ್ ಆಗ ಇನ್ನೂ ಬಿಸಿ, ಆವಿ ಇನ್ನೂ ಏಳುತ್ತಿದೆ, ಬಿದ್ದ ಜಾಗದಲ್ಲಿ ಇನ್ನೊಂದು ಅಚ್ಚು ಮೂಡುತ್ತದೆ. ಹೀಟ್ ಟೇಪ್ ಎರಡು ಕಡೆ ಹಚ್ಚಿ, ಪ್ರೆಸ್ ನಿಧಾನ ತೆರೆಯಿರಿ, ಗ್ಲೌಸ್ ಹಾಕಿಕೊಂಡು ಬಿಸಿಯಲ್ಲೇ ಒಂದೇ ಎಳೆತಕ್ಕೆ ಪೇಪರ್ ತೆಗೆಯಿರಿ. ಶೀಟನ್ನು ಫರಸಿ ಕಲ್ಲಿನ ಮೇಲೆ ಬೋರಲಾಗಿಸದೆ ಹಾಗೇ ಇಟ್ಟು ಆರಲು ಬಿಡಿ. ನೀರಿಗೆ ಹಾಕಬೇಡಿ. ಪೂರ್ತಿ ತಣ್ಣಗಾದ ಮೇಲೆ ಗಮ್ ಶೀಟ್ ಅಂಟಿಸಿ ರಬ್ಬರ್ ಕವರ್‌ನಲ್ಲಿ ಕೂರಿಸಿ. ರಬ್ಬರ್ ಕವರ್ ಮಾತ್ರ ಯಾವತ್ತೂ ಪ್ರೆಸ್ ಒಳಗೆ ಹೋಗಬಾರದು.

ಪ್ರೆಸ್‌ನದ್ದಲ್ಲದ ಇನ್ನೊಂದು ಮಸುಕು ಇದೆ. ಗಿರಾಕಿ ಯಾರದೋ ಡಿಪಿಯಿಂದ ಎತ್ತಿದ ಫೋಟೊ ಕಳಿಸುತ್ತಾರೆ. ಕವರ್ ಸುಮಾರು 7 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ ಅಂದರೆ 830ಕ್ಕೆ 1770 ಪಿಕ್ಸೆಲ್ ಆದರೂ ಬೇಕು. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.

3ಡಿ ಕವರ್ ಸೊಟ್ಟಗಾದದ್ದು

ಅದು ನಿಮ್ಮ ಸೆಟ್ಟಿಂಗ್ ತಪ್ಪಲ್ಲ. ಆ ಕವರ್ ಆ ಮಷಿನ್‌ಗೆ ಬಂದದ್ದೇ ಅಲ್ಲ. 3ಡಿ ಕವರ್ ಪಾಲಿಕಾರ್ಬೊನೇಟ್‌ನದು. ಅದು 147 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಣ್ಣಕ್ಕೆ ಬೇಕಾದ ಬಿಸಿ ಅದಕ್ಕಿಂತ ಮೇಲಿದೆ. ಆದ್ದರಿಂದ ಕವರ್ ಮೆತ್ತಗಾಗಿದ್ದಾಗ ಆಕಾರ ಹಿಡಿದು ನಿಲ್ಲಿಸಲು ಒಳಗೆ ಆ ಮಾಡೆಲ್‌ನದೇ ಲೋಹದ ಮೋಲ್ಡ್ ಬೇಕು. ಬಾಗಿದ ಅಂಚುಗಳಿಗೂ ಪೇಪರ್ ತಾಗುವಂತೆ ಒತ್ತಲು ವ್ಯಾಕ್ಯೂಮ್ ಮಷಿನ್ ಬೇಕು. ಹೊರಗೆ ತೆಗೆದ ಮೇಲೆ ಕುಗ್ಗದಂತೆ ತಣಿಸುವ ಮೋಲ್ಡ್ ಮೇಲೆ ಕೂರಿಸಬೇಕು. ಮೋಲ್ಡ್ ಕೂಡ ಕಾಯಬೇಕಾದ್ದರಿಂದ ಸೆಕೆಂಡ್‌ಗಳ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ 180ರಿಂದ 200 ಡಿಗ್ರಿಗೆ 5ರಿಂದ 8 ನಿಮಿಷ ಹಿಡಿಯುತ್ತದೆ.

ಹಾಗಾದರೆ ನಿಮ್ಮ ಮುಂದೆ ಏನಿದೆ? ಇದೇ ಮಷಿನ್‌ನಲ್ಲಿ 2ಡಿ, ಅಂದರೆ ಶೀಟ್ ಅಂಟಿಸುವ ಕವರ್ ಮಾತ್ರ ಮಾಡುವುದು ನನ್ನ ಮೊದಲ ಸಲಹೆ. ಅದರ ಮಿತಿ ಅಂದರೆ ಬೆನ್ನಿಗೆ ಮಾತ್ರ ಚಿತ್ರ ಬರುತ್ತದೆ, ಅಂಚಿಗೆ ಬರುವುದಿಲ್ಲ. ಗಮ್ ಕಳಪೆ ಇದ್ದರೆ ಬಿಸಿಲಲ್ಲಿ ಬೈಕ್ ಮೇಲೆ ಇಟ್ಟ ಫೋನಿನ ಶೀಟ್ ಮೂಲೆ ಏಳಬಹುದು. ವ್ಯಾಕ್ಯೂಮ್ ಮಷಿನ್ ತಂದರೆ ಅಂಚಿನ ತನಕ ಚಿತ್ರ ಸಿಗುತ್ತದೆ, ಆದರೆ ಪ್ರತಿ ಫೋನ್ ಮಾಡೆಲ್‌ಗೂ ಬೇರೆ ಮೋಲ್ಡ್ ಕೊಳ್ಳಬೇಕು. ಮಾಡೆಲ್‌ಗಳು ತಿಂಗಳಿಗೊಂದು ಬರುತ್ತವೆ. ಹಳೆಯ ಮೋಲ್ಡ್‌ಗಳು ಕಪಾಟಿನಲ್ಲಿ ಉಳಿಯುತ್ತವೆ, ದುಡ್ಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಿಮ್ಮ ಊರಲ್ಲಿ ನಿಜವಾಗಿ ಓಡುವ ಮಾಡೆಲ್ ಯಾವುವು ಅಂತ ಎರಡು ಮೂರು ತಿಂಗಳ ಲೆಕ್ಕ ಬರೆದ ಮೇಲೆ ಅದರ ಬಗ್ಗೆ ಯೋಚಿಸಿ. ಮಧ್ಯದ ದಾರಿ ಅಂದರೆ 3ಡಿ ಆರ್ಡರ್ ಬಂದಾಗ ಅದನ್ನು ಮಾಡುವ ಬೇರೆ ಪ್ರಿಂಟಿಂಗ್‌ನವರ ಹತ್ತಿರ ಮಾಡಿಸುವುದು. ಲಾಭ ಕಮ್ಮಿ, ಹಾಳಾಗುವ ಭಯವೂ ಕಮ್ಮಿ, ಆದರೆ ಅವರು ಹೇಳಿದ ದಿನಕ್ಕೆ ಕೊಡದಿದ್ದರೆ ಮಾತು ಕೇಳುವವರು ನೀವು. ಯುವಿ ಬೆಳಕಿಗೆ ಗಟ್ಟಿಯಾಗುವ ಇಂಕಿನಲ್ಲಿ ಫಿಲ್ಮ್ ಮೇಲೆ ಪ್ರಿಂಟ್ ಮಾಡಿದ ಯುವಿ ಡಿಟಿಎಫ್ ಸ್ಟಿಕರ್ ಅಂತಲೂ ಬಂದಿದೆ. ಅದಕ್ಕೆ ಬಿಸಿಯೇ ಬೇಡ, ಕಪ್ಪು ಕವರ್ ಮೇಲೂ ಅಂಟುತ್ತದೆ. ಆದರೆ ಬಣ್ಣ ಮೇಲ್ಗಡೆ ಇರುವುದರಿಂದ ಜೇಬಿಗೆ ಹಾಕಿ ತೆಗೆದು ಮಾಡುವಾಗ ಅಂಚು ಏಳುವ ಸಾಧ್ಯತೆ ಇದೆ. ಗಿರಾಕಿಗೆ ಮೊದಲೇ ಹೇಳಿ ಮಾರಿ.

ಜಾತ್ರೆ ವಿಷಯಕ್ಕೆ ಬಂದರೆ, 2ಡಿ ಆರ್ಡರ್ ಧೈರ್ಯವಾಗಿ ಹಿಡಿಯಿರಿ. ಜಾತ್ರೆಗೆ ಎರಡು ವಾರ ಮೊದಲೇ ವೈರಿಂಗ್ ಮುಗಿಸಿ, ಬಿಸಿ ಅಳೆದು, ಪರೀಕ್ಷೆಯ ಶೀಟುಗಳನ್ನು ತೆಗೆದಿಡಿ. ಆರ್ಡರ್‌ಗೆ ಬೇಕಾದ ಶೀಟ್‌ಗಳನ್ನು ಒಂದೇ ಲಾಟ್‌ನಲ್ಲಿ ಕೊಂಡುಕೊಳ್ಳಿ, ಹತ್ತಕ್ಕೆ ಒಂದರಂತೆ ಜಾಸ್ತಿ ಇರಲಿ. ಪ್ರೆಸ್ ಕೆಲಸವನ್ನು ವೋಲ್ಟೇಜ್ ಚೆನ್ನಾಗಿರುವ ಹೊತ್ತಿನಲ್ಲೇ ಮುಗಿಸಿ, ಸಂಜೆ ಗಮ್ ಅಂಟಿಸುವುದು, ಪ್ಯಾಕ್ ಮಾಡುವುದು ಇಟ್ಟುಕೊಳ್ಳಿ. ಇಷ್ಟು ಮಾಡಿದ ಮೇಲೂ ಪೀಸ್ ಕೆಟ್ಟರೆ ಆ ಶೀಟಿನ ಫೋಟೊ, ಅದಕ್ಕೆ ಬಳಸಿದ ಪೇಪರ್‌ನ ಫೋಟೊ, ಅಳೆದ ಐದು ನಂಬರ್ ಮೂರನ್ನೂ ಒಟ್ಟಿಗೆ ಕಳಿಸಿ. ಅವನ್ನು ನೋಡಿದರೆ ತೊಂದರೆ ಎಲ್ಲಿದೆ ಅಂತ ಹೇಳಬಹುದು.